ಚುಕ್ಕಿಯೂ ಅದರ ಸುತ್ತಲಿನ ವೃತ್ತವೂ

ರಡಾರ್ ಇರಲಿ, ಸೋನಾರ್ ಇರಲಿ, ಜಿಪಿಎಸ್ ಇರಲಿ, ಚಲಿಸುವ ವಸ್ತುವಿನ ಜಾಡು ಹಿಡಿಯುವ ಲೆಕ್ಕದ ಬಗ್ಗೆ ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ. ಎಂ.ಟೆಕ್. ಪ್ರಾಜೆಕ್ಟ್ ವರದಿಗಳಲ್ಲಿ, ಸಮ್ಮೇಳನದ ಪ್ರಬಂಧಗಳಲ್ಲಿ, ಕೆಲಸದ ಸಂದರ್ಶನಗಳಲ್ಲಿ ಅದು ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಕಾಲ್ಮನ್ ಫಿಲ್ಟರ್ ಹಳೆಯದು, ಅದು ಲೀನಿಯರ್, ಅಂದರೆ ಬಾಗದ ಸಮೀಕರಣದ, ಲೆಕ್ಕಕ್ಕಷ್ಟೇ ಸರಿ. ನಿಜವಾದ ಜಗತ್ತು ನಾನ್‌ಲೀನಿಯರ್. ಆದ್ದರಿಂದ ಹೊಸ ಹೊಸ ನಾನ್‌ಲೀನಿಯರ್ ಫಿಲ್ಟರ್‌ಗಳು ಬಂದ ಹಾಗೆಲ್ಲ ನಾಯ್ಸ್, ಅಂದರೆ ಅಳತೆಯ ತಪ್ಪು, ತುಂಬಿದ ದತ್ತಾಂಶದಲ್ಲಿ ಗುರಿಯನ್ನು ಹಿಡಿಯುವುದು ಸುಲಭವಾಗುತ್ತದೆ. ಇದರಲ್ಲಿ ಮೊದಲ ಎರಡು ಮಾತು ಅರ್ಧ ಸತ್ಯ. ಮೂರನೆಯದು ತಪ್ಪು ಎಂಬುದು ನನ್ನ ವಾದ. ಜಾಡು ಕೈತಪ್ಪುವುದು ಬಹಳ ಸಲ ಸಮೀಕರಣ ಬಾಗಿರುವುದರಿಂದಲ್ಲ. ತನಗೆ ಎಷ್ಟು ಗೊತ್ತಿಲ್ಲ ಎಂಬುದನ್ನು ಫಿಲ್ಟರ್ ತಪ್ಪಾಗಿ ಲೆಕ್ಕ ಹಾಕಿಕೊಂಡಿರುವುದರಿಂದ.

ಈ ಮಾತನ್ನು ಬೆಂಗಳೂರಿನ ಬಾಗಲಗುಂಟೆಯ ಸುತ್ತಮುತ್ತ ಎತ್ತಬೇಕಾದದ್ದು ನ್ಯಾಯವೇ. ದಾಸರಹಳ್ಳಿಗೆ ಅಂಟಿಕೊಂಡ ಈ ಬಡಾವಣೆಯ ಎಷ್ಟೋ ಮನೆಗಳಿಗೆ ಟ್ರ್ಯಾಕಿಂಗ್ ಎಂಬುದು ಅನ್ನದ ವಿಷಯ. ಒಂದು ಕಡೆ ಜಾಲಹಳ್ಳಿಯಲ್ಲಿ ರಡಾರ್ ಕಟ್ಟುವ ಬಿಇಎಲ್. ಇನ್ನೊಂದು ಕಡೆ ಪೀಣ್ಯದಲ್ಲಿ ಇಸ್ರೋದ ಇಸ್ಟ್ರ್ಯಾಕ್, ಅಂದರೆ ದೇಶದ ಉಪಗ್ರಹಗಳು ಈ ಗಳಿಗೆಯಲ್ಲಿ ಎಲ್ಲಿವೆ ಎಂದು ಹೇಳಬೇಕಾದ ಕೇಂದ್ರ. ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿರುವ ಐಸಿಟಿಎಸ್‌ನಲ್ಲಿ ಹವಾಮಾನದ ಮಾದರಿಗೂ ವೀಕ್ಷಣೆಗೂ ಬೆಸುಗೆ ಹಾಕುವ ಇದೇ ಜಾತಿಯ ಗಣಿತದ ಮೇಲೆ ಸಂಶೋಧನೆ ನಡೆದಿದೆ. ಇಷ್ಟು ಹತ್ತಿರದಲ್ಲಿ ಇಷ್ಟೆಲ್ಲ ಇದ್ದೂ, ಈ ಭಾಗದ ಕಾಲೇಜುಗಳಿಂದ ಹೊರಬರುವ ಹುಡುಗ ಹುಡುಗಿಯರು ಫಿಲ್ಟರ್‌ಗಳ ಪಂದ್ಯವನ್ನೇ ಸಂಶೋಧನೆ ಎಂದುಕೊಂಡಿದ್ದಾರೆ. ನನಗೆ ನೋವಾಗುವುದು ಅದಕ್ಕೆ.

ಫಿಲ್ಟರ್ ಮಾಡುವ ಕೆಲಸ ಹೇಳಲು ಸರಳ. ಪ್ರತಿ ಹೆಜ್ಜೆಗೂ ಮೊದಲು ಊಹೆ, ಆಮೇಲೆ ತಿದ್ದುಪಡಿ. ವಿಮಾನ ಈಗ ಇಲ್ಲಿದೆ, ಇಷ್ಟು ವೇಗದಲ್ಲಿದೆ, ಹಾಗಾದರೆ ಮುಂದಿನ ಸೆಕೆಂಡಿಗೆ ಅಲ್ಲಿರಬೇಕು. ರಡಾರ್ ತೋರಿಸಿದ್ದು ಸ್ವಲ್ಪ ಬೇರೆ ಜಾಗ. ಈಗ ಊಹೆಯನ್ನು ಎಷ್ಟು ನಂಬಬೇಕು, ಅಳತೆಯನ್ನು ಎಷ್ಟು ನಂಬಬೇಕು? ಇದನ್ನು ತೀರ್ಮಾನಿಸುವುದು ಎರಡು ಅಂಕಿ. ವಿಮಾನ ಮನಸ್ಸು ಬದಲಾಯಿಸಿ ತಿರುಗುವ ಸಾಧ್ಯತೆ ಎಷ್ಟು ಎಂಬುದು ಒಂದು, ಎಂಜಿನಿಯರುಗಳು ಅದನ್ನು ಕ್ಯೂ ಎನ್ನುತ್ತಾರೆ. ಉಪಕರಣ ಎಷ್ಟು ತಪ್ಪಬಹುದು ಎಂಬುದು ಇನ್ನೊಂದು, ಅದು ಆರ್. ಪರದೆಯ ಮೇಲೆ ಕಾಣುವ ಚುಕ್ಕಿಯ ಸುತ್ತ ಒಂದು ವೃತ್ತ ಬಿದ್ದಿರುತ್ತದಲ್ಲ, ಅದು ಈ ಎರಡು ಅಂಕಿಗಳಿಂದ ಹುಟ್ಟಿದ್ದು. ಗುರಿ ಇದರೊಳಗೆ ಎಲ್ಲೋ ಇದೆ ಎಂದು ಫಿಲ್ಟರ್ ಕೊಡುವ ಮಾತು ಅದು.

ರುಡಾಲ್ಫ್ ಕಾಲ್ಮನ್ 1960ರಲ್ಲಿ ಬರೆದ ಪ್ರಬಂಧದಲ್ಲಿ ಈ ಲೆಕ್ಕಕ್ಕೆ ಈಗಿನ ರೂಪ ಸಿಕ್ಕಿತು. ಅಪೊಲೊ ಯೋಜನೆಗಾಗಿ ನಾಸಾದ ಏಮ್ಸ್ ಕೇಂದ್ರದಲ್ಲಿ ಸ್ಟ್ಯಾನ್ಲಿ ಶ್ಮಿಟ್ ಮತ್ತು ಸಂಗಡಿಗರು ಅದನ್ನು ಬಾಗಿದ ಸಮೀಕರಣಗಳಿಗೂ ಒಗ್ಗಿಸಿದರು. ಅದೇ ಎಕ್ಸ್‌ಟೆಂಡೆಡ್ ಕಾಲ್ಮನ್. 1993ರಲ್ಲಿ ಗಾರ್ಡನ್, ಸಾಮಂಡ್, ಸ್ಮಿತ್ ಎಂಬ ಮೂವರು ಸಾವಿರಾರು ಊಹೆಯ ಕಣಗಳನ್ನು ಹರಿಯಬಿಡುವ ಪಾರ್ಟಿಕಲ್ ಫಿಲ್ಟರ್ ತಂದರು. 90ರ ದಶಕದಲ್ಲೇ ಅನ್‌ಸೆಂಟೆಡ್ ಬಂತು, 2009ರಲ್ಲಿ ಕ್ಯುಬೇಚರ್ ಬಂತು. ಪ್ರತಿಯೊಂದೂ ಬುದ್ಧಿವಂತಿಕೆಯ ಕೆಲಸ. ಅವನ್ನು ಕಟ್ಟಿದವರ ಮೇಲೆ ನನ್ನ ತಕರಾರಿಲ್ಲ. ಅವನ್ನು ನಾವು ಅಳೆಯುವ ರೀತಿಯ ಮೇಲೆ ಇದೆ.

ಅಳೆಯುವ ರೀತಿ ಹೀಗಿರುತ್ತದೆ. ಕಂಪ್ಯೂಟರಿನಲ್ಲಿ ಒಂದು ಕಾಲ್ಪನಿಕ ವಿಮಾನವನ್ನು ಹಾರಿಸುತ್ತಾರೆ. ಅದರ ಜಾಗಕ್ಕೆ ಗಂಟೆಯಾಕಾರದ ಗಾಸಿಯನ್ ವಕ್ರರೇಖೆಯಿಂದ ಹೆಕ್ಕಿದ ನಾಯ್ಸ್ ಸೇರಿಸುತ್ತಾರೆ. ಆ ನಾಯ್ಸ್ ಎಷ್ಟು ಅಗಲ ಎಂಬ ಅಂಕಿಯನ್ನು, ಸೇರಿಸಿದವರೇ ಫಿಲ್ಟರಿಗೂ ಕೊಡುತ್ತಾರೆ. ಆಮೇಲೆ ಎಕ್ಸ್‌ಟೆಂಡೆಡ್, ಅನ್‌ಸೆಂಟೆಡ್, ಪಾರ್ಟಿಕಲ್, ಕೊನೆಗೆ ತಮ್ಮ ಹೊಸದು, ಹೀಗೆ ನಾಲ್ಕನ್ನೂ ಓಡಿಸಿ ನೂರು ಓಟದ ಸರಾಸರಿ ದೋಷದ ಗ್ರಾಫ್ ಹಾಕುತ್ತಾರೆ. ಹೊಸದರ ಗೆರೆ ಎಲ್ಲಕ್ಕಿಂತ ಕೆಳಗಿರುತ್ತದೆ. ಇಲ್ಲಿ ಯಾರೂ ಮೋಸ ಮಾಡಿಲ್ಲ. ಆದರೆ ಬೀದಿಯಲ್ಲಿ, ಆಕಾಶದಲ್ಲಿ, ಕಡಲಿನಲ್ಲಿ ಯಾರ ಕೈಗೂ ಸಿಗದ ಒಂದು ವಸ್ತು ಆ ಪರೀಕ್ಷೆಯಲ್ಲಿ ಪುಕ್ಕಟೆಯಾಗಿ ಸಿಕ್ಕಿದೆ, ನಾಯ್ಸ್‌ನ ಸರಿಯಾದ ವಿವರಣೆ. ಕಷ್ಟದ ಭಾಗವನ್ನು ಪ್ರಶ್ನೆಪತ್ರಿಕೆಯಲ್ಲೇ ಬಿಡಿಸಿಕೊಟ್ಟ ಮೇಲೆ ಉಳಿದ ಸುಲಭದ ಭಾಗದಲ್ಲಿ ಯಾರು ಮುಂದು ಎಂದು ನೋಡುವ ಪರೀಕ್ಷೆ ಅದು.

ನಿಜವಾದ ನಾಯ್ಸ್ ಹೇಗಿರುತ್ತದೆ ಎಂದು ನೋಡಲು ತುಮಕೂರು ರಸ್ತೆಗಿಂತ ಒಳ್ಳೆಯ ಜಾಗ ಬೇಕಿಲ್ಲ. ಯಶವಂತಪುರ ಕಡೆಯಿಂದ ಬಾಗಲಗುಂಟೆಗೆ ಬರುವ ಕ್ಯಾಬ್ ಗೊರಗುಂಟೆಪಾಳ್ಯದ ಹತ್ತಿರ ಎರಡರಲ್ಲಿ ಒಂದು ಮಾಡುತ್ತದೆ. ಪೀಣ್ಯದ ಮೇಲ್ಸೇತುವೆ ಹತ್ತುತ್ತದೆ, ಇಲ್ಲವೇ ಕೆಳಗಿನ ರಸ್ತೆಯಲ್ಲೇ ಜಾಲಹಳ್ಳಿ ಕ್ರಾಸ್ ಕಡೆಗೆ ಸಾಗುತ್ತದೆ. ನಕ್ಷೆಯಲ್ಲಿ ಎರಡೂ ಒಂದರ ಮೇಲೊಂದು. ಸರ್ವಿಸ್ ರಸ್ತೆ ಪಕ್ಕಕ್ಕೆ ಸರಿದಿರುವುದು ಕೆಲವೇ ಮೀಟರ್. ಬಯಲಿನಲ್ಲಿ ಫೋನಿನ ಜಿಪಿಎಸ್ ತಪ್ಪು ಸುಮಾರು 5 ಮೀಟರಿನೊಳಗೆ ಇರುತ್ತದೆ, ಎತ್ತರದ ತಪ್ಪು ಅದಕ್ಕಿಂತ ಜಾಸ್ತಿ. ಇಲ್ಲಿ ಬಯಲು ಎಲ್ಲಿದೆ? ತಲೆಯ ಮೇಲೆ ಸೇತುವೆಯ ಕಾಂಕ್ರೀಟು, ಪಕ್ಕದಲ್ಲಿ ಮೆಟ್ರೊ ಹಸಿರು ಮಾರ್ಗದ ಕಂಬಗಳ ಸಾಲು. ಉಪಗ್ರಹದ ಸಂಕೇತ ನೇರವಾಗಿ ಬರದೆ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಬಡಿದು ಬಂದದ್ದಕ್ಕೆ ದಾರಿ ಉದ್ದ, ಆದ್ದರಿಂದ ಜಾಗ ಒಂದೇ ದಿಕ್ಕಿಗೆ ಜರುಗಿದಂತೆ ಕಾಣುತ್ತದೆ.

ಈ 'ಒಂದೇ ದಿಕ್ಕಿಗೆ' ಎಂಬುದೇ ಮುಖ್ಯ. ಪಠ್ಯಪುಸ್ತಕದ ನಾಯ್ಸ್ ಒಮ್ಮೆ ಎಡಕ್ಕೆ ತಪ್ಪಿದರೆ ಇನ್ನೊಮ್ಮೆ ಬಲಕ್ಕೆ ತಪ್ಪುತ್ತದೆ. ಒಂದೊಂದು ಅಳತೆಯೂ 10 ಮೀಟರ್ ತಪ್ಪಿದರೂ, ನೂರು ಅಳತೆಯ ಸರಾಸರಿ ತೆಗೆದರೆ ತಪ್ಪು 1 ಮೀಟರಿಗೆ ಇಳಿಯುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಕ್ಯಾಬಿನ ಫೋನಿಗೆ ಅದೇ ಗೋಡೆಯಿಂದ ಅದೇ ಪ್ರತಿಫಲನ ನೂರು ಸಲ ಬರುತ್ತದೆ. ನೂರು ಸಲ ಕೇಳಿದರೂ ಆ 10 ಮೀಟರ್ ಹಾಗೆಯೇ ಉಳಿಯುತ್ತದೆ. ಅಳತೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ನಂಬಿದ ಫಿಲ್ಟರ್ ಮಾತ್ರ ತನ್ನ ವೃತ್ತವನ್ನು 1 ಮೀಟರಿಗೆ ಕುಗ್ಗಿಸಿಕೊಂಡು ಕೂತಿರುತ್ತದೆ. ಒಬ್ಬನೇ ಸಾಕ್ಷಿ ನೂರು ಸಲ ಬಂದು ಒಂದೇ ಸುಳ್ಳು ಹೇಳಿದರೆ ನೂರು ಜನ ಸಾಕ್ಷಿ ಹೇಳಿದರೆಂದು ಬರೆದುಕೊಂಡ ಹಾಗೆ.

ಇಲ್ಲಿ ನಾನ್‌ಲೀನಿಯರ್ ಫಿಲ್ಟರಿನ ಪರ ಇರುವವರು ಒಂದು ಮಾತು ಹೇಳಬಹುದು, ಅದು ನ್ಯಾಯವಾದದ್ದೇ. ಮೇಲೆಯೋ ಕೆಳಗೋ ಎಂಬ ಪ್ರಶ್ನೆಗೆ ಉತ್ತರ ಎರಡು ಶಿಖರಗಳ ಆಕಾರದಲ್ಲಿದೆ. ಕಾಲ್ಮನ್ ಒಂದೇ ಶಿಖರ ಬಲ್ಲದು, ಎರಡರ ಸರಾಸರಿ ತೆಗೆದು ಕ್ಯಾಬನ್ನು ಸೇತುವೆಗೂ ರಸ್ತೆಗೂ ನಡುವೆ ಗಾಳಿಯಲ್ಲಿ ನಿಲ್ಲಿಸುತ್ತದೆ. ಪಾರ್ಟಿಕಲ್ ಫಿಲ್ಟರ್ ಅರ್ಧ ಕಣಗಳನ್ನು ಮೇಲೆ, ಅರ್ಧ ಕಣಗಳನ್ನು ಕೆಳಗೆ ಓಡಿಸುತ್ತ ಕಾಯಬಲ್ಲದು. ಜಾಲಹಳ್ಳಿ ಕ್ರಾಸ್ ಹತ್ತಿರ ವೇಗ ಸೊನ್ನೆಗೆ ಬಂದು ನಿಂತರೆ ಕೆಳಗೆ, ಎಲ್ಲೂ ನಿಲ್ಲದೆ ಹೋದರೆ ಬಹುಶಃ ಮೇಲೆ ಎಂದು ನಿಧಾನವಾಗಿ ತೀರ್ಮಾನಕ್ಕೆ ಬರಬಲ್ಲದು. ಒಪ್ಪಿದೆ. ಆದರೆ ಆ ಕಾಯುವಿಕೆ ನಿಂತಿರುವುದು ಆರ್ ಎಂಬ ಅಂಕಿಯ ಮೇಲೆ. ಬಯಲಿನ 5 ಮೀಟರನ್ನೇ ನಂಬಿಕೊಂಡ ಪಾರ್ಟಿಕಲ್ ಫಿಲ್ಟರ್, ಗೋಡೆಗೆ ಬಡಿದು ಬಂದ ನಾಲ್ಕಾರು ಅಳತೆ ನೋಡುತ್ತಲೇ ಒಂದು ಗುಂಪಿನ ಕಣಗಳನ್ನು ಸಾಯಿಸುತ್ತದೆ. ಸತ್ತ ಗುಂಪು ಮತ್ತೆ ಹುಟ್ಟುವುದಿಲ್ಲ. ಕ್ಯಾಬ್ ನಿಜವಾಗಿ ಆ ಗುಂಪಿದ್ದ ಕಡೆಯೇ ಇದ್ದರೆ, ಫಿಲ್ಟರ್ ಎಷ್ಟು ಆಧುನಿಕವಾಗಿದ್ದು ಏನು ಬಂತು?

ಇನ್ನೊಂದು ವಿಷಯವೂ ಇದೆ. 2021ರ ಡಿಸೆಂಬರ್ ಕೊನೆಯಲ್ಲಿ ಈ ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು ಸಂಚಾರ ನಿಲ್ಲಿಸಿದರು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಬಿಟ್ಟರು. ಭಾರಿ ವಾಹನಗಳು ಮತ್ತೆ ಹತ್ತಿದ್ದು 2024ರ ಜುಲೈ ಕೊನೆಗೆ. ಅಷ್ಟೂ ಕಾಲ 'ಲಾರಿಯೆಂದರೆ ಕೆಳಗೇ ಇದೆ' ಎಂಬ ಒಂದು ಸಾಲಿನ ಮಾಹಿತಿ, ಯಾವ ಸಮೀಕರಣವೂ ಕೊಡಲಾರದ ಖಾತರಿಯನ್ನು ಕೊಡುತ್ತಿತ್ತು. ಫಿಲ್ಟರನ್ನು ಬದಲಾಯಿಸಿ ಗಳಿಸುವ ಒಂದೆರಡು ಮೀಟರ್ ಎಲ್ಲಿ, ಊರಿನ ಸಂಗತಿ ತಿಳಿದು ಗಳಿಸುವ ನಿಶ್ಚಯ ಎಲ್ಲಿ?

ಗಣಿತದ ತುತ್ತತುದಿಯಲ್ಲಿ ಕೂತವರು ಇದನ್ನು ನಮಗಿಂತ ಮೊದಲೇ ಕಂಡಿದ್ದರು. ನಾನ್‌ಲೀನಿಯರ್ ಫಿಲ್ಟರಿಂಗ್ ಸಿದ್ಧಾಂತ ಕಟ್ಟಿದವರ ಸಾಲಿನಲ್ಲಿ ನಮ್ಮ ಕರಾವಳಿ ಮೂಲದ ಹೆಸರೊಂದು ಎದ್ದು ಕಾಣುತ್ತದೆ, ಗೋಪಿನಾಥ ಕಲ್ಯಾಣಪುರ. 1968ರಲ್ಲಿ ಷಾರ್ಲಟ್ ಸ್ಟ್ರೈಬೆಲ್ ಜೊತೆ ಅವರು ಕೊಟ್ಟ ಸೂತ್ರ, 1972ರಲ್ಲಿ ಫುಜಿಸಾಕಿ ಮತ್ತು ಕುನಿತಾ ಜೊತೆ ಬರೆದ ಸಮೀಕರಣ, 1980ರ 'ಸ್ಟೊಕಾಸ್ಟಿಕ್ ಫಿಲ್ಟರಿಂಗ್ ಥಿಯರಿ' ಪುಸ್ತಕ, ಇವಿಲ್ಲದೆ ಈ ವಿಷಯದ ಪಾಠವೇ ಇಲ್ಲ. 1976ರಿಂದ ಕೆಲವು ವರ್ಷ ಅವರು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು, ಆ ಸಂಸ್ಥೆಯ ಬೆಂಗಳೂರು ಕೇಂದ್ರ ಶುರುವಾದದ್ದೂ ಆ ವರ್ಷಗಳಲ್ಲೇ.

ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಎರಡು ಸಂಗತಿ. ಮೊದಲನೆಯದು, ಅವರ ಸೂತ್ರದಲ್ಲಿ ಫಿಲ್ಟರ್ ಎಂದರೆ ಚುಕ್ಕಿಯಲ್ಲ. ಅಲ್ಲಿಯವರೆಗೆ ಕಂಡದ್ದನ್ನೆಲ್ಲ ಗಣನೆಗೆ ತೆಗೆದುಕೊಂಡಾಗ ಗುರಿ ಎಲ್ಲೆಲ್ಲಿ ಎಷ್ಟೆಷ್ಟು ಸಂಭವವಾಗಿ ಹರಡಿಕೊಂಡಿದೆ ಎಂಬ ಪೂರ್ತಿ ಚಿತ್ರ. ಚುಕ್ಕಿ ಆ ಚಿತ್ರದ ಒಂದು ಸಾರಾಂಶ ಮಾತ್ರ. ಎರಡನೆಯದು ಇನ್ನೂ ಮುಖ್ಯ. ಇಡೀ ಸಿದ್ಧಾಂತ ಬ್ರೌನಿಯನ್ ಚಲನೆಯ ಮೇಲೆ ನಿಂತಿತ್ತು, ಅಲ್ಲಿ ವೀಕ್ಷಣೆಯ ದಾರಿ ಅನಂತವಾಗಿ ಮುರಿದು ಮುರಿದು ಸಾಗುತ್ತದೆ. ಯಾವ ಉಪಕರಣವೂ ಅಂಥ ದಾರಿಯನ್ನು ಬರೆದುಕೊಡುವುದಿಲ್ಲ, ಅದರ ಗೆರೆ ಅಷ್ಟು ಒರಟಲ್ಲ. ಸಿದ್ಧಾಂತದ ಕಣ್ಣಿಗೆ, ನಿಜವಾಗಿ ಅಳೆದ ದತ್ತಾಂಶ ಬರುವ ಸಂಭವವೇ ಸೊನ್ನೆ! ಸೂತ್ರ ಕೆಲಸ ಮಾಡುತ್ತದೆ ಎಂದು ಅಷ್ಟಕ್ಕೇ ಬಿಡಲಿಲ್ಲ ಅವರು. ಆರ್.ಎಲ್. ಕರಂದೀಕರ್ ಜೊತೆ ಕೂತು ನಾಯ್ಸ್‌ನ ವಿವರಣೆಯನ್ನೇ ಬುಡದಿಂದ ಬೇರೆ ರೀತಿಯಲ್ಲಿ ಕಟ್ಟಿದರು, 1988ರಲ್ಲಿ ಅದು ಪುಸ್ತಕವಾಯಿತು. ನಾನ್‌ಲೀನಿಯರ್ ಫಿಲ್ಟರಿಂಗಿನ ದೊಡ್ಡ ವಿದ್ವಾಂಸರೊಬ್ಬರು ಸಿದ್ಧಾಂತ ಮುಗಿಸಿದ ಮೇಲೆ ಹಿಂದಿರುಗಿ ಹೋದದ್ದು ನಾಯ್ಸ್‌ನ ಪ್ರಶ್ನೆಗೆ. ಅವರ ಸಮೀಕರಣವನ್ನು ಮುನ್ನುಡಿಯಲ್ಲಿ ಉದ್ಧರಿಸುವ ಪ್ರಬಂಧಗಳು ಈ ಪ್ರಶ್ನೆಯನ್ನು ಮುಟ್ಟುವುದಿಲ್ಲ.

ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಮಾತನ್ನೂ ಇಲ್ಲಿ ತರಬೇಕು. 1945ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ, ಒಂದು ದತ್ತಾಂಶದಿಂದ ಎಷ್ಟು ನಿಖರತೆ ಹಿಂಡಬಹುದು ಎಂಬುದಕ್ಕೆ ಅವರು ಒಂದು ಗಡಿ ಹಾಕಿಕೊಟ್ಟರು. ಕ್ರಾಮರ್-ರಾವ್ ಗಡಿ ಎಂದು ಜಗತ್ತು ಕರೆಯುವುದು ಅದನ್ನೇ. 1998ರಲ್ಲಿ ತಿಚಾವ್ಸ್ಕಿ ಮತ್ತಿಬ್ಬರು ಆ ಗಡಿಯನ್ನು ನಾನ್‌ಲೀನಿಯರ್ ಟ್ರ್ಯಾಕಿಂಗಿಗೆ ಹೆಜ್ಜೆ ಹೆಜ್ಜೆಗೂ ಲೆಕ್ಕ ಹಾಕುವ ದಾರಿ ತೋರಿಸಿದರು. ಇದರ ಅರ್ಥ ಸ್ಪಷ್ಟ. ನಿಮ್ಮ ಹಳೆಯ ಫಿಲ್ಟರ್ ಈಗಾಗಲೇ ಆ ಗಡಿಯ ಹತ್ತಿರ ಇದ್ದರೆ, ಹೊಸ ಫಿಲ್ಟರಿಗೆ ಗೆಲ್ಲಲು ಜಾಗವೇ ಉಳಿದಿಲ್ಲ. ಅಷ್ಟಾದ ಮೇಲೆ ನಿಖರತೆ ಬೇಕೆಂದರೆ ಇನ್ನೊಂದು ಅಳತೆ ತರಬೇಕು, ಇನ್ನೊಂದು ಸಮೀಕರಣವನ್ನಲ್ಲ. ಇನ್ನೊಂದು ಸೂಕ್ಷ್ಮವೂ ಇದೆ, ಆ ಗಡಿಯ ಲೆಕ್ಕಕ್ಕೂ ನಾಯ್ಸ್‌ನ ವಿವರಣೆ ಬೇಕು. ವಿವರಣೆ ಸುಳ್ಳಾದರೆ ಗಡಿಯೂ ಸುಳ್ಳು.

ಜಾಡು ತಪ್ಪಿದ ನಿಜವಾದ ಪ್ರಕರಣಗಳನ್ನು ತೆಗೆದು ನೋಡೋಣ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಅಮೆರಿಕದ ಸೈನಿಕರ ವಸತಿಯ ಮೇಲೆ ಬಿದ್ದು 28 ಜನ ಸತ್ತರು. ಕಾವಲಿಗಿದ್ದ ಪೇಟ್ರಿಯಟ್ ರಡಾರ್ ಅದನ್ನು ಬೆನ್ನಟ್ಟಲೇ ಇಲ್ಲ. ಆ ಯಂತ್ರ ನೂರು ಗಂಟೆಗೂ ಹೆಚ್ಚು ಕಾಲ ನಿಲ್ಲದೆ ಓಡುತ್ತಿತ್ತು. ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು. ಆ 0.1 ಎಂಬ ಅಂಕಿ ಕಂಪ್ಯೂಟರಿನ 24 ಬಿಟ್‌ಗಳಲ್ಲಿ ಪೂರ್ತಿ ಹಿಡಿಸದೆ ತುದಿ ಕತ್ತರಿಸಿ ಹೋಗುತ್ತಿತ್ತು. ನೂರು ಗಂಟೆಗೆ ಆ ತುಣುಕುಗಳೆಲ್ಲ ಸೇರಿ ಗಡಿಯಾರ ಸುಮಾರು 0.34 ಸೆಕೆಂಡ್ ತಪ್ಪಿತ್ತು. ಕ್ಷಿಪಣಿ ಮುಂದೆ ಎಲ್ಲಿ ಕಾಣಬೇಕು ಎಂದು ಯಂತ್ರ ತೆರೆದಿಟ್ಟ ಕಿಟಕಿ 687 ಮೀಟರ್ ಪಕ್ಕಕ್ಕೆ ಸರಿದಿತ್ತು. ಅಲ್ಲಿ ನೋಡಿತು, ಏನೂ ಕಾಣಲಿಲ್ಲ, ಸುಳ್ಳು ಸುಳಿವು ಎಂದು ಬಿಟ್ಟುಬಿಟ್ಟಿತು. ತಿದ್ದಿದ ತಂತ್ರಾಂಶ ಧಹ್ರಾನ್ ತಲುಪಿದ್ದು ಮರುದಿನ. ಆ ಯಂತ್ರದೊಳಗೆ ಜಗತ್ತಿನ ಅತ್ಯುತ್ತಮ ನಾನ್‌ಲೀನಿಯರ್ ಫಿಲ್ಟರ್ ಇದ್ದಿದ್ದರೂ ಆ 28 ಜನ ಉಳಿಯುತ್ತಿರಲಿಲ್ಲ. ತನ್ನ ಗಡಿಯಾರವೂ ತಪ್ಪಬಹುದು ಎಂಬ ಸಂಶಯಕ್ಕೆ ಆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ಎರಡನೆಯ ಪ್ರಕರಣ ಪೀಣ್ಯದ್ದೇ. 2019ರ ಸೆಪ್ಟೆಂಬರ್ 7ರ ನಡುರಾತ್ರಿ ದಾಟಿದ ಮೇಲೆ ಇಸ್ಟ್ರ್ಯಾಕ್‌ನ ಪರದೆಯಲ್ಲಿ ಚಂದ್ರನ ಮೇಲೆ ಇಳಿಯುತ್ತಿದ್ದ ಚಂದ್ರಯಾನ-2ರ ವಿಕ್ರಮನ ಹಸಿರು ಚುಕ್ಕಿ ತಾನು ಹಿಡಿಯಬೇಕಾದ ಗೆರೆಯಿಂದ ಸರಿದದ್ದನ್ನು ದೇಶವೇ ನೋಡಿತು. ಇದು ಶತ್ರು ವಿಮಾನವನ್ನು ಬೆನ್ನಟ್ಟುವ ಲೆಕ್ಕವಲ್ಲ, ನೌಕೆ ತಾನೆಲ್ಲಿದ್ದೇನೆ ಎಂದು ತಾನೇ ಅಂದಾಜು ಮಾಡಿಕೊಳ್ಳುವ ಲೆಕ್ಕ. ಆದರೆ ಒಳಗಿನ ಗಣಿತ ಅದೇ. ಆ ವರ್ಷದ ನವೆಂಬರಿನಲ್ಲಿ ಸರ್ಕಾರ ಲೋಕಸಭೆಗೆ ಕೊಟ್ಟ ಉತ್ತರದ ಪ್ರಕಾರ, 30 ಕಿ.ಮೀ. ಎತ್ತರದಿಂದ 7.4 ಕಿ.ಮೀ.ವರೆಗೆ ಎಲ್ಲ ಸರಿಯಾಗಿತ್ತು, ವೇಗ ಸೆಕೆಂಡಿಗೆ 1683 ಮೀಟರಿನಿಂದ 146 ಮೀಟರಿಗೆ ಇಳಿದಿತ್ತು. ಮುಂದಿನ ಹಂತದಲ್ಲಿ ವೇಗ ಅಂದುಕೊಂಡದ್ದಕ್ಕಿಂತ ಹೆಚ್ಚು ತಗ್ಗಿತು. ಹಾಗಾಗಿ ಅದರ ನಂತರದ ಹಂತ ಶುರುವಾದಾಗ ನೌಕೆ ಇದ್ದ ಸ್ಥಿತಿ ವಿನ್ಯಾಸದ ಮಿತಿಗಳ ಆಚೆ ಇತ್ತು.

2023ರ ಜುಲೈನಲ್ಲಿ ಆಗಿನ ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ಇದನ್ನು ಬಿಡಿಸಿ ಹೇಳಿದರು. ಎಂಜಿನ್‌ಗಳು ಲೆಕ್ಕಕ್ಕಿಂತ ಹೆಚ್ಚು ನೂಕುಬಲ ಕೊಟ್ಟವು, ತಪ್ಪುಗಳು ಕೂಡುತ್ತ ಹೋದವು, ಅವನ್ನು ತಿದ್ದಲು ನೌಕೆ ತಿರುಗಬೇಕಾದ ವೇಗಕ್ಕೆ ತಂತ್ರಾಂಶ ಮಿತಿ ಹಾಕಿತ್ತು, ಇಳಿಯಬೇಕಾದ ಜಾಗ 500 ಮೀಟರ್ ಉದ್ದ 500 ಮೀಟರ್ ಅಗಲದಷ್ಟು ಚಿಕ್ಕದಾಗಿತ್ತು. ಚಂದ್ರಯಾನ-3ರಲ್ಲಿ ಮಾಡಿದ ಬದಲಾವಣೆಗಳನ್ನು ನೋಡಿ. ಇಳಿಯುವ ಜಾಗ ಸುಮಾರು 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲಕ್ಕೆ ಹಿಗ್ಗಿತು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಾಯಿತು. ಚಂದ್ರನ ನೆಲಕ್ಕೆ ಹೋಲಿಸಿ ತನ್ನ ವೇಗವನ್ನು ನೇರವಾಗಿ ಅಳೆಯುವ ಲೇಸರ್ ಡಾಪ್ಲರ್ ವೆಲಾಸಿಮೀಟರ್ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಎಲ್ಲ ಸರಿಹೋದರೆ ಹೇಗೆ ಇಳಿಯುವುದು ಎಂಬ ವಿನ್ಯಾಸ ಬಿಟ್ಟು, ಏನೇನು ಕೆಡಬಹುದು ಎಂಬ ಪಟ್ಟಿಯಿಂದ ವಿನ್ಯಾಸ ಶುರುವಾಯಿತು. ನನ್ನ ಭಾಷೆಯಲ್ಲಿ ಹೇಳುವುದಾದರೆ, ಇಸ್ರೋ ವೃತ್ತವನ್ನು ದೊಡ್ಡದು ಮಾಡಿತು, ಜೊತೆಗೆ ಒಂದು ಹೊಸ ಅಳತೆ ತಂದಿತು. ಆಗಸ್ಟ್ 23ರ ಸಂಜೆ ನೌಕೆ ಇಳಿಯಿತು. ಅಳತೆಯ ಗಡಿ ಹೇಳಿಕೊಟ್ಟ ರಾವ್ 102ನೇ ವಯಸ್ಸಿನಲ್ಲಿ ತೀರಿಕೊಂಡದ್ದು ಅದರ ಹಿಂದಿನ ದಿನ.

ನಾನ್‌ಲೀನಿಯರ್ ಫಿಲ್ಟರ್ ಬೇಕೇ ಬೇಕಾದ ಜಾಗಗಳಿಲ್ಲ ಎಂದು ನಾನು ಹೇಳುತ್ತಿಲ್ಲ. ಜಲಾಂತರ್ಗಾಮಿ ತಾನು ಸದ್ದು ಮಾಡದೆ ತನ್ನ ಸೋನಾರಿನಿಂದ ಶಬ್ದ ಬರುವ ದಿಕ್ಕನ್ನು ಮಾತ್ರ ಕೇಳುತ್ತದೆ, ದೂರ ಗೊತ್ತಾಗುವುದಿಲ್ಲ. ಅಲ್ಲಿ ಸಂಭವದ ಚಿತ್ರ ಬಾಳೆಹಣ್ಣಿನಂತೆ ಬಾಗಿಕೊಂಡಿರುತ್ತದೆ, ಎಕ್ಸ್‌ಟೆಂಡೆಡ್ ಕಾಲ್ಮನ್ ದಾರಿ ತಪ್ಪುವುದು ನಿಜ. 1993ರ ಪಾರ್ಟಿಕಲ್ ಫಿಲ್ಟರ್ ತನ್ನ ಬಲ ತೋರಿಸಿದ್ದೂ ಇದೇ ಲೆಕ್ಕದಲ್ಲಿ. ಆದರೆ ಅಲ್ಲಿಯೂ ಕೇಳುವ ಹಡಗು ನೇರವಾಗಿ ಒಂದೇ ವೇಗದಲ್ಲಿ ಸಾಗುತ್ತಿದ್ದರೆ, ಅದೇ ರೀತಿ ಸಾಗುವ ಗುರಿಯ ದೂರವನ್ನು ಯಾವ ಫಿಲ್ಟರೂ ಹೇಳಲಾರದು. ಹತ್ತಿರದ ನಿಧಾನ ಹಡಗು, ದೂರದ ವೇಗದ ಹಡಗು, ಎರಡೂ ಕಿವಿಗೆ ಒಂದೇ. ಕ್ಯಾಪ್ಟನ್ ತನ್ನ ಹಡಗನ್ನು ತಿರುಗಿಸಬೇಕು. ಉತ್ತರ ದತ್ತಾಂಶದಲ್ಲೇ ಇಲ್ಲದಿದ್ದಾಗ ಅದನ್ನು ಸೋಸಿ ತೆಗೆಯುವುದು ಎಲ್ಲಿಂದ? ಹಾಗೆಯೇ, ವಿಮಾನ ಒಮ್ಮೆ ನೇರ, ಒಮ್ಮೆ ತಿರುವು ಎಂದು ಮನಸ್ಸು ಬದಲಿಸುವುದಕ್ಕೆ 1988ರ ಬ್ಲಾಮ್ ಮತ್ತು ಬಾರ್-ಶಾಲೋಮ್ ವಿಧಾನ ಎರಡು ಮೂರು ಸಾಮಾನ್ಯ ಕಾಲ್ಮನ್‌ಗಳನ್ನೇ ಜೋಡಿಸಿ ಓಡಿಸುತ್ತದೆ. ಅದು ಇಂದಿಗೂ ರಡಾರ್ ಎಂಜಿನಿಯರುಗಳ ನೆಚ್ಚಿನ ಸಾಧನ. ಅದರ ಗೆಲುವು ಬಾಗಿದ ಸಮೀಕರಣದ್ದಲ್ಲ, ಗುರಿಯ ಸ್ವಭಾವವನ್ನು ಸರಿಯಾಗಿ ಬಣ್ಣಿಸಿದ್ದರದು.

ಡೀಪ್ ಲರ್ನಿಂಗ್ ಬಂದ ಮೇಲೆ ನಾಯ್ಸನ್ನೂ ಅದೇ ಕಲಿತುಕೊಳ್ಳುತ್ತದಲ್ಲ ಎಂಬ ಮಾತು ಈಗ ಶುರುವಾಗಿದೆ. ಕಲಿಯುತ್ತದೆ, ನಿಜ, ತೋರಿಸಿದ ನಾಯ್ಸನ್ನು. ತೋರಿಸದ ದಿನದ ಮಾತೇನು? ಎಲ್ಲ ಪ್ರಶ್ನೆಯೂ ಆ ದಿನದ್ದೇ.

ಹಾಗಾದರೆ ಒಂದು ಟ್ರ್ಯಾಕಿಂಗ್ ಪ್ರಬಂಧದಲ್ಲಿ ಏನನ್ನು ಕೇಳಬೇಕು? ಊಹೆಗೂ ಅಳತೆಗೂ ಪ್ರತಿ ಹೆಜ್ಜೆಯಲ್ಲಿ ಬರುವ ವ್ಯತ್ಯಾಸಕ್ಕೆ ಇನೊವೇಷನ್ ಎನ್ನುತ್ತಾರೆ. ಆ ವ್ಯತ್ಯಾಸವನ್ನು ಫಿಲ್ಟರ್ ತಾನೇ ಹೇಳಿಕೊಂಡ ವೃತ್ತದ ಅಳತೆಗೆ ಭಾಗಿಸಿ ವರ್ಗ ಮಾಡಿದರೆ ಒಂದು ಅಂಕಿ ಸಿಗುತ್ತದೆ. ದೂರ, ದಿಕ್ಕು, ಎತ್ತರದ ಕೋನ ಎಂದು ಮೂರು ಅಳೆಯುವ ರಡಾರಿನಲ್ಲಿ ಅದರ ಸರಾಸರಿ 3ರ ಹತ್ತಿರ ಇರಬೇಕು. 9 ಬಂದರೆ ಫಿಲ್ಟರ್ ತನಗಿಲ್ಲದ ಧೈರ್ಯ ತೋರಿಸುತ್ತಿದೆ, 1 ಬಂದರೆ ಸುಮ್ಮನೆ ಹೆದರುತ್ತಿದೆ. ಈ ಪರೀಕ್ಷೆಗೆ ಗುರಿಯ ನಿಜವಾದ ಜಾಗ ಗೊತ್ತಿರಬೇಕಾಗಿಲ್ಲ, ಆದ್ದರಿಂದ ಬೀದಿಯ ದತ್ತಾಂಶದ ಮೇಲೂ ಮಾಡಬಹುದು. ದಶಕಗಳಿಂದ ಪಠ್ಯಪುಸ್ತಕದಲ್ಲಿದೆ. ಇದನ್ನು ಮಾಡಿ ತೋರಿಸಿದ ಪ್ರಾಜೆಕ್ಟ್ ವರದಿ ಮಾತ್ರ ಅಪರೂಪ.

ಐಐಎಸ್‌ಸಿಯ ಏರೋಸ್ಪೇಸ್ ವಿಭಾಗದಲ್ಲಿದ್ದ ಎಂ.ಆರ್. ಅನಂತಶಯನಂ ಈ ಕಡೆಗಣಿಸಿದ ಕೆಲಸದ ಹಿಂದೆ ಬಿದ್ದವರು. 2015ರಲ್ಲಿ ಶ್ಯಾಮ್ ಮೋಹನ್, ನರೇನ್ ನಾಯಕ್, ಗೆಮ್ಸನ್ ಜೊತೆ ಸೇರಿ ಅವರು ಬರೆದ ಉದ್ದನೆಯ ವರದಿಯ ವಸ್ತುವೇ ಕ್ಯೂ, ಆರ್ ಮತ್ತು ಮೊದಲ ಊಹೆಯ ವೃತ್ತ, ಈ ಮೂರನ್ನು ದತ್ತಾಂಶದಿಂದಲೇ ಹೇಗೆ ಹೊಂದಿಸಿಕೊಳ್ಳಬೇಕು ಎಂಬುದು. ಕೈಗೆ ತೋಚಿದ ಅಂಕಿ ಹಾಕಿ, ಗ್ರಾಫ್ ಚೆಂದ ಕಾಣುವವರೆಗೆ ತಿರುವುವುದನ್ನೇ ಟ್ಯೂನಿಂಗ್ ಎಂದು ಕರೆಯುವ ಅಭ್ಯಾಸಕ್ಕೆ ಅದು ನೇರ ಉತ್ತರ. ಹೊಸ ಫಿಲ್ಟರಿಗೆ ಸಿಗುವ ಪ್ರಚಾರ ಇಂಥ ಕೆಲಸಕ್ಕೆ ಸಿಗುವುದಿಲ್ಲ. ನನ್ನ ಲೆಕ್ಕದಲ್ಲಿ ಐದು ಹೊಸ ಫಿಲ್ಟರ್‌ಗಳಿಗಿಂತ ಇದರ ತೂಕ ಹೆಚ್ಚು.

ವೃತ್ತ ಚಿಕ್ಕದಾದರೆ ಅಪಾಯ ಎಂದು ಇಲ್ಲಿಯವರೆಗೆ ಹೇಳಿದೆ. ದೊಡ್ಡದಾದರೂ ಅಪಾಯವೇ, ಅದಕ್ಕೂ ಪೀಣ್ಯದಲ್ಲೇ ನಿದರ್ಶನ ಸಿಗುತ್ತದೆ. 2020ರ ಡಿಸೆಂಬರಿನಲ್ಲಿ ಇಸ್ಟ್ರ್ಯಾಕ್ ಆವರಣದಲ್ಲಿ ನೇತ್ರಾ ಯೋಜನೆಯ ನಿಯಂತ್ರಣ ಕೇಂದ್ರ ಶುರುವಾಯಿತು, 2022ರ ಜುಲೈನಲ್ಲಿ ಬಾಹ್ಯಾಕಾಶದ ಸುರಕ್ಷತೆ ನೋಡಿಕೊಳ್ಳುವ ಐಎಸ್4ಒಎಂ ಬಂತು. ಭಾರತದ ಉಪಗ್ರಹಗಳಿಗೆ ಬೇರೆ ಉಪಗ್ರಹವೋ ರಾಕೆಟ್ ಚೂರೋ ಡಿಕ್ಕಿ ಹೊಡೆಯುವ ಸಂಭವ ಎಷ್ಟು ಎಂದು ದಿನವೂ ನೋಡುವುದು ಅಲ್ಲಿನ ಕೆಲಸ. 2023ರಲ್ಲಿ ಡಿಕ್ಕಿ ತಪ್ಪಿಸಲು ಇಸ್ರೋ 23 ಸಲ ಉಪಗ್ರಹಗಳನ್ನು ಸರಿಸಿತು. ಚಂದ್ರಯಾನ-3ರ ಉಡಾವಣೆಯನ್ನೇ ಅದಕ್ಕಾಗಿ 4 ಸೆಕೆಂಡ್ ಮುಂದಕ್ಕೆ ಹಾಕಿದರು.

ಅಲ್ಲಿ ತೀರ್ಮಾನವಾಗುವುದು ಚುಕ್ಕಿಯಿಂದಲ್ಲ. 2009ರ ಫೆಬ್ರವರಿ 10ರಂದು ಇರಿಡಿಯಂ 33 ಮತ್ತು ಕಾಸ್ಮೋಸ್ 2251 ಡಿಕ್ಕಿಯಾಗಿ ಚೂರುಚೂರಾದವು. ಸಾರ್ವಜನಿಕ ಕಕ್ಷಾ ದತ್ತಾಂಶದ ಲೆಕ್ಕ ಅವೆರಡೂ 584 ಮೀಟರ್ ಅಂತರದಲ್ಲಿ ದಾಟಿಹೋಗುತ್ತವೆ ಎಂದಿತ್ತು. ಆ ದಿನದ ಅತಿ ಅಪಾಯದ ಹತ್ತು ಜೋಡಿಗಳಲ್ಲೂ ಅವು ಇರಲಿಲ್ಲ. ಈಗ ಇದನ್ನು ನೋಡಿ. ಎರಡು ವಸ್ತು 200 ಮೀಟರ್ ಅಂತರದಲ್ಲಿ ದಾಟುತ್ತವೆ ಎಂದು ಅಂದಾಜು, ವೃತ್ತ 100 ಮೀಟರ್. ಡಿಕ್ಕಿಯ ಸಂಭವ ಗಣನೀಯ, ಉಪಗ್ರಹವನ್ನು ಸರಿಸಬೇಕು. ಅದೇ ಜೋಡಿಯ ಬಗ್ಗೆ ನಮಗೆ ತೀರ ಕಡಿಮೆ ಗೊತ್ತಿದ್ದು ವೃತ್ತ 10 ಕಿ.ಮೀ. ಆಗಿದ್ದರೆ? ಸಂಭವ ಅಷ್ಟು ದೊಡ್ಡ ಜಾಗಕ್ಕೆಲ್ಲ ತೆಳುವಾಗಿ ಹರಡಿ, ಡಿಕ್ಕಿಯ ಅಂಕಿ ಸೊನ್ನೆಯ ಹತ್ತಿರ ಬರುತ್ತದೆ. ಕಡಿಮೆ ತಿಳಿದಷ್ಟೂ ಹೆಚ್ಚು ಸುರಕ್ಷಿತ ಎಂದು ಲೆಕ್ಕ ಹೇಳುತ್ತದೆ! ಬಾಲ್ಚ್, ಮಾರ್ಟಿನ್, ಫರ್ಸನ್ 2019ರಲ್ಲಿ ಇದು ಅಪರೂಪದ ವಿಕಾರವಲ್ಲ, ಹೀಗೆ ಸಂಭವ ಎಣಿಸುವ ರೀತಿಯಲ್ಲೇ ಅಡಗಿರುವ ಸುಳ್ಳು ಭರವಸೆ ಎಂದು ತೋರಿಸಿದರು.

ಜೊತೆಗೆ ಆಕಾಶದ ನಾಯ್ಸ್ ದಿನದಿನಕ್ಕೆ ಬದಲಾಗುತ್ತದೆ. 2022ರ ಫೆಬ್ರವರಿಯಲ್ಲಿ ಸೂರ್ಯನ ಕಡೆಯಿಂದ ಬಂದ ಭೂಕಾಂತೀಯ ಬಿರುಗಾಳಿಗೆ ಮೇಲಿನ ವಾತಾವರಣ ಉಬ್ಬಿ, ಆಗಷ್ಟೇ ಹಾರಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ನಷ್ಟವಾದವು. ನಿನ್ನೆಯ ಕ್ಯೂ ಇಂದಿಗೆ ಹೊಂದದ ದಿನ ಅದು. ಕಕ್ಷೆಯ ಸಮೀಕರಣ ನಿನ್ನೆ ಎಷ್ಟು ಬಾಗಿತ್ತೋ ಇಂದೂ ಅಷ್ಟೇ ಬಾಗಿದೆ.

ಈ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ಇಸ್ಟ್ರ್ಯಾಕ್‌ನ ಬಾಗಿಲು ತಟ್ಟದೆಯೂ ಕೆಲಸ ಮಾಡಬಹುದು. ಸಾವಿರಾರು ವಸ್ತುಗಳ ಕಕ್ಷೆಯ ಎರಡು ಸಾಲಿನ ಅಂಕಿಗಳು ಎಲ್ಲರಿಗೂ ಸಿಗುತ್ತವೆ, ಆದರೆ ಅವುಗಳ ಜೊತೆ ವೃತ್ತ ಬರುವುದಿಲ್ಲ. ಲೇಸರ್ ಪ್ರತಿಫಲಕ ಹೊತ್ತ ಕೆಲವು ಉಪಗ್ರಹಗಳ ನಿಖರ ಕಕ್ಷೆಯೂ ಆಮೇಲೆ ಪ್ರಕಟವಾಗುತ್ತದೆ. ಹಳೆಯ ಕಾಲ್ಮನ್ ಫಿಲ್ಟರನ್ನೇ ತೆಗೆದುಕೊಂಡು, ಆ ಎರಡು ಸಾಲುಗಳಿಂದ ಮೂರು ದಿನ ಮುಂದಿನ ಜಾಗವನ್ನೂ ಅದರ ವೃತ್ತವನ್ನೂ ಮೊದಲೇ ಬರೆದಿಡಬೇಕು. ಮೂರು ದಿನದ ಮೇಲೆ ನಿಖರ ಕಕ್ಷೆಯೊಂದಿಗೆ ತಾಳೆ ನೋಡಬೇಕು. ನೂರರಲ್ಲಿ ತೊಂಬತ್ತೈದು ಸಲ ಒಳಗಿರುತ್ತದೆ ಎಂದು ಬರೆದ ವೃತ್ತದೊಳಗೆ ಉಪಗ್ರಹ ನಿಜವಾಗಿ ಎಷ್ಟು ಸಲ ಬಿತ್ತು ಎಂದು ಎಣಿಸಬೇಕು. ಬಿರುಗಾಳಿ ಇದ್ದ ವಾರಗಳ ಎಣಿಕೆಯನ್ನು ಬೇರೆಯಾಗಿ ಕೊಡಬೇಕು. ಪರೀಕ್ಷಕರು ವೈವಾದಲ್ಲಿ ಮೊದಲು ಕೇಳಬೇಕಾದದ್ದು ಆ ಎಣಿಕೆಯನ್ನು.